ಮೇಜಿನ ಮೇಲೆ ಕಾಗದ ಮಗುಚಿಡುತ್ತಿದ್ದವರು

ಹೋದ ತಿಂಗಳು ನನ್ನ ಹಳೆಯ ಮೇಲಧಿಕಾರಿಯ ಹೆಂಡತಿ ಮಂಗಳೂರಿನಿಂದ ಫೋನು ಮಾಡಿದರು. "ಇವ್ರು ಹೋದ್ರು ಮಾರಾಯ್ತಿ. ಮಧ್ಯಾಹ್ನ ಊಟ ಮಾಡಿ ಮಲಗಿದವ್ರು ಚಾ ಕುಡೀಲಿಕ್ಕೆ ಏಳ್ಲೇ ಇಲ್ಲ" ಎಂದರು. ನಾನು ಸಮಾಧಾನದ ಮಾತು ಹುಡುಕುತ್ತಿದ್ದೆ. ಬಾಯಿಂದ ಬಂದದ್ದು ಮಾತ್ರ, "ಊಟಕ್ಕೆ ಏನಿತ್ತು?" ಎಂಬ ಪ್ರಶ್ನೆ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಆಕೆಗೆ ಅದು ವಿಚಿತ್ರ ಅನ್ನಿಸಲಿಲ್ಲ. "ಗಂಜಿ, ಬಂಗುಡೆ ಪುಳಿಮುಂಚಿ. ಇನ್ನೊಂದು ತುಂಡು ಕೇಳಿ ಹಾಕಿಸ್ಕೊಂಡ್ರು. ಅಷ್ಟು ಒಂದು ಸಮಾಧಾನ" ಎಂದರು. ಆಮೇಲೆ ಇಬ್ಬರಿಗೂ ನಗು ಬಂತು. ಅವರು ಹೋದ ಸುದ್ದಿಗೆ ನಗುವುದು ತಪ್ಪಲ್ಲ ಅನ್ನುವಂಥ ಮನುಷ್ಯ ಅವರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಖುಷಿಯೇ ಆಗುತ್ತಿತ್ತು, ಹೆಸರು ಅಚ್ಚಾಗುವುದೆಂದರೆ ಅವರಿಗೆ ಮಕ್ಕಳ ಹಾಗೆ ಆಸೆ. ಆದರೆ ಅವರ ಕಥೆ ಹೇಳಹೊರಟರೆ ನನ್ನ ತಮ್ಮನ ಕಥೆ ಬರುತ್ತದೆ. ತಮ್ಮ "ಬರಿ ಅಕ್ಕ, ಆದ್ರೆ ಹೆಸರು ಬೇಡ" ಎಂದಿದ್ದಾನೆ. ಹಾಗಾಗಿ ತಮ್ಮನನ್ನು ಚಂದ್ರು ಎಂದು ಕರೆಯುತ್ತೇನೆ. ಅವರನ್ನು ನಾನು ಕರೆಯುತ್ತಿದ್ದದ್ದು ಬರೀ 'ಸರ್' ಎಂದು. ಅದೇ ಇರಲಿ.

ಅಬುಧಾಬಿಯ ಮುಸಫ್ಫಾದಲ್ಲಿ, ತೈಲ ಕಂಪನಿಗಳಿಗೆ ಪೈಪು, ಟ್ಯಾಂಕು ಮಾಡಿಕೊಡುವ ಒಂದು ಕಾರ್ಖಾನೆ. ನಾನು ಮದುವೆಯಾಗಿ ಮೈಸೂರಿನಿಂದ ಬಂದು ಅಲ್ಲಿ ಕೆಲಸಕ್ಕೆ ಸೇರಿದಾಗ ಹೊಸ ಶತಮಾನ ಆಗಷ್ಟೇ ಕಣ್ಣು ಬಿಟ್ಟಿತ್ತು. ನಕ್ಷೆಗಳ ಕೋಣೆಯಲ್ಲಿ ನನಗೆ ಕುರ್ಚಿ ಕೊಟ್ಟರು. ಎಂಜಿನಿಯರುಗಳು ಒಂದು ನಕ್ಷೆಯನ್ನು ತಿದ್ದಿದರೆ ಹಳೆಯದನ್ನು ಎಲ್ಲರಿಂದ ವಾಪಸು ತರಿಸಿ ಹೊಸದನ್ನು ಹಂಚುವುದು ನಮ್ಮ ಕೆಲಸ. ಹಳೆಯ ನಕ್ಷೆ ಒಬ್ಬ ವೆಲ್ಡರನ ಕೈಯಲ್ಲಿ ಉಳಿದರೂ ಸಾಕು, ಪೈಪು ತಪ್ಪು ಜಾಗದಲ್ಲಿ ಕೂರುತ್ತಿತ್ತು. ಆ ಕೋಣೆಗೆ ಅವರು ಯಜಮಾನರು. ದಪ್ಪ ಮೀಸೆ, ತೋಳಿಲ್ಲದ ಸ್ವೆಟರು. ಹೊರಗೆ ಬೆಂಕಿ ಸುರಿಯುವ ಆಗಸ್ಟಿನಲ್ಲೂ ಆ ಸ್ವೆಟರು, ಯಾಕೆಂದರೆ ಒಳಗೆ ಏಸಿ.

ಇಲ್ಲಿಗೆ ಬರುವ ಮೊದಲು ಅವರು ಬಹಳ ವರ್ಷ ಸೇನೆಯಲ್ಲಿದ್ದವರು. ಪಿಂಚಣಿ ಪಡೆದ ಮೇಲೆ, ಆಸ್ಪತ್ರೆಯಲ್ಲಿ ನರ್ಸಾಗಿದ್ದ ಹೆಂಡತಿಯ ಹಿಂದೆ ಅಬುಧಾಬಿಗೆ ಬಂದರು. ಸೇನೆಯಲ್ಲಿ ಯಾವ ವಿಭಾಗ, ಎಲ್ಲಿ, ಏನು ಕೆಲಸ, ನನಗೆ ಇವತ್ತಿಗೂ ಗೊತ್ತಿಲ್ಲ.

ಅವರು ಮಾತಾಡುತ್ತಿರಲಿಲ್ಲ ಎಂದಲ್ಲ. ಮುಸಫ್ಫಾದಲ್ಲಿ ಅವರಷ್ಟು ಮಾತಾಡುವವರು ಇನ್ನೊಬ್ಬರಿರಲಿಲ್ಲ. ಬೆಳಿಗ್ಗೆ ಕಂಪನಿಯ ಬಸ್ಸು ಹತ್ತಿದ ಕೂಡಲೇ ಶುರು. ಯಾರು ಹೊಸ ಕಾರು ತೆಗೆದುಕೊಂಡರು, ಇಗರ್ಜಿಯ ಗಾಯನ ತಂಡದಲ್ಲಿ ಯಾರಿಗೆ ಯಾರ ಮೇಲೆ ಮುನಿಸು, ಯಾವ ಅಂಗಡಿಗೆ ಊರಿನ ಕುಚ್ಚಲಕ್ಕಿ ಬಂದಿದೆ. ತುಳು, ಕೊಂಕಣಿ, ಹಿಂದಿ, ಕನ್ನಡ, ಎಲ್ಲವೂ ಒಂದೇ ವಾಕ್ಯದಲ್ಲಿ. ಸೇನೆಯ ಮಾತೂ ಬರುತ್ತಿತ್ತು, ಧಾರಾಳವಾಗಿ. ಆದರೆ ಅದೆಲ್ಲ ಊಟದ ಕಥೆ. ಪೂರಿ ಕರಿಯಲು ಹೊರಟರೆ ಡಬ್ಬಿಯಲ್ಲೇ ಎಣ್ಣೆ ಹೆಪ್ಪುಗಟ್ಟಿದ್ದು, ಮೆಸ್ಸಿನ ಅಡಿಗೆಯವನೊಬ್ಬ ಸಾಂಬಾರಿಗೆ ಬೆಲ್ಲದ ಬದಲು ಜಾಮ್ ಹಾಕಿದ್ದು, ಮೊಟ್ಟೆಗಳ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಜೀಪಿನಲ್ಲಿ ಬೆಟ್ಟ ಹತ್ತಿದ್ದು.

"ಎಲ್ಲಿ ಸರ್ ಅದು?" ಎಂದು ಕೇಳಿದರೆ, "ಒಂದು ಕಡೆ. ತುಂಬ ಚಳಿ" ಎನ್ನುತ್ತಿದ್ದರು.

ನಮ್ಮ ಮಲಯಾಳಿ ಡ್ರಾಫ್ಟ್ಸ್‌ಮನ್ ಒಬ್ಬನಿಗೆ ಇದೊಂದು ಆಟ. ಊಟದ ಸುಳಿವು ಹಿಡಿದು ಅವರು ಎಲ್ಲೆಲ್ಲಿದ್ದರು ಅಂತ ಪತ್ತೆ ಮಾಡುತ್ತೇನೆಂದು ಪಣ ತೊಟ್ಟಿದ್ದ. "ಸರ್, ಅಲ್ಲಿ ಮೀನು ಸಿಗ್ತಿತ್ತಾ?" ಎಂದು ಹಿಂದಿಯಲ್ಲಿ ಮೆಲ್ಲಗೆ ಕೇಳುವನು. ಅವರು ಗಂಭೀರವಾಗಿ ಯೋಚಿಸಿ, "ನೀರಿರುವಲ್ಲಿ ಸಿಗ್ತಿತ್ತು" ಎನ್ನುವರು. ವರ್ಷಗಟ್ಟಲೆ ಆಡಿದರೂ ಅವನು ಆ ಆಟ ಗೆಲ್ಲಲಿಲ್ಲ.

ಒಮ್ಮೆ ನಾನು ನೇರವಾಗಿಯೇ ಕೇಳಿದೆ, ಇಷ್ಟೆಲ್ಲ ಮಾತಾಡುವವರು ಅದೊಂದನ್ನು ಹೇಗೆ ಹೊಟ್ಟೆಯಲ್ಲಿಟ್ಟುಕೊಂಡಿದ್ದೀರಿ ಎಂದು. "ಸುಮ್ನೆ ಕೂತವನ ಬಾಯಿ ಬಿಡಿಸ್ಲಿಕ್ಕೆ ಎಲ್ರೂ ನೋಡ್ತಾರೆ, ಮೈಸೂರಮ್ಮ" ಎಂದರು. ನನಗೆ ಅವರಿಟ್ಟ ಹೆಸರು ಅದು. "ಮಾತಾಡುವವನ ಹತ್ರ ಜನ ಬೇರೆಂತ ಕೇಳುದು? ಯಾವಾಗ ನಿಲ್ಲಿಸ್ತಾನೆ ಅಂತ ಕಾಯ್ತಾರೆ."

ಕಾಗದದ ವಿಷಯದಲ್ಲಿ ಅವರಿಗೊಂದು ಅಭ್ಯಾಸ. ಅವರ ಮೇಜಿನ ಹತ್ತಿರ ಯಾರು ಬಂದರೂ ಅವರ ಎಡಗೈ ತನ್ನಷ್ಟಕ್ಕೆ ಹೋಗಿ ಮುಂದಿರುವ ಹಾಳೆಯನ್ನು ಮಗುಚಿಡುತ್ತಿತ್ತು. ಕ್ಯಾಂಟೀನಿನ ತಿಂಡಿ ಪಟ್ಟಿಯಾದರೂ ಅಷ್ಟೆ, ಮೊಮ್ಮಗ ಗೀಚಿದ ಆನೆಯ ಚಿತ್ರವಾದರೂ ಅಷ್ಟೆ. ನಕ್ಕರೆ ತಾವೂ ನಕ್ಕು, "ಕೈಗೆ ಬುದ್ಧಿ ಇಲ್ಲ" ಎನ್ನುತ್ತಿದ್ದರು.

ಸಂಜೆ ಹೊರಡುವ ಮೊದಲು ಝೆರಾಕ್ಸ್ ಯಂತ್ರದ ಮುಚ್ಚಳ ಎತ್ತಿ ನೋಡುವುದು ಅವರ ಇನ್ನೊಂದು ನೇಮ. ಜನ ಅಸಲನ್ನು ಅಲ್ಲೇ ಮರೆತು ಹೋಗುತ್ತಾರಲ್ಲ. ಪಾಸ್‌ಪೋರ್ಟು, ಮದುವೆಯ ಸರ್ಟಿಫಿಕೇಟು, ಮಗುವಿನ ಮಾರ್ಕ್ಸ್ ಕಾರ್ಡು, ಏನೇನೋ ಸಿಗುತ್ತಿತ್ತು. ಒಂದು ಸಲ ಮ್ಯಾನೇಜರೊಬ್ಬರ ಸಂಬಳದ ಪತ್ರವೇ ಸಿಕ್ಕಿತು. ಇಡೀ ಕಚೇರಿ ವರ್ಷದಿಂದ ತಲೆ ಕೆಡಿಸಿಕೊಂಡಿದ್ದ ವಿಷಯ ಅದು. ಇವರು ಮೇಲಿನ ಹೆಸರಿನ ಸಾಲು ಮಾತ್ರ ನೋಡಿ, ನಾಲ್ಕು ಮಡಿಕೆ ಮಾಡಿ, ಎಲ್ಲರ ಕಣ್ಣೆದುರೇ ನಡೆದುಹೋಗಿ ಅವರ ಕೈಗೆ ಕೊಟ್ಟು ಬಂದರು. ನಾವು ಸುತ್ತುಗಟ್ಟಿದೆವು. "ಎಷ್ಟಂತೆ ಸರ್?" "ನೋಡ್ಲಿಲ್ಲ." "ಸುಳ್ಳು." "ಯಲ್ಲಾ, ಹೊರಡಿ, ಕೆಲಸ ನೋಡಿ" ಎಂದು ಕೈ ಬೀಸಿ, ಹಿಂದಿನ ದಿನ ಮೀನು ಮಾರುಕಟ್ಟೆಯಲ್ಲಿ ಆದ ಜಗಳದ ಕಥೆ ಎತ್ತಿದರು. ಅವರು ನಿಜವಾಗಿಯೂ ನೋಡಿರಲಿಲ್ಲ ಎಂದು ಆಗ ನಾನೂ ನಂಬಿರಲಿಲ್ಲ. ನಂಬುವ ಸಂದರ್ಭ ಆಮೇಲೆ ಬಂತು.

ಚಂದ್ರು ನನಗಿಂತ ಹತ್ತು ವರ್ಷಕ್ಕೆ ಚಿಕ್ಕವನು. ಪಿಯುಸಿ ಮುಗಿಸಿ ಸೇನೆಗೆ ಸೇರಿದ. ಓದಿನಲ್ಲಿ ಸಾಧಾರಣ, ಆದರೆ ಯಂತ್ರ ಕಂಡರೆ ಬಿಡುವವನಲ್ಲ. ಅಲ್ಲಿ ಯಾವುದೋ ತಾಂತ್ರಿಕ ಕೆಲಸಕ್ಕೆ ಹಾಕಿದರು. ಬಡ್ತಿ ಸಿಕ್ಕಿ ತೋಳಿನ ಮೇಲೆ ಮೊದಲ ಪಟ್ಟಿ ಬಂದಾಗ ಅಪ್ಪ ಆ ಫೋಟೋ ದೊಡ್ಡದು ಮಾಡಿಸಿ ಹಾಲಿನಲ್ಲಿ ನೇತುಹಾಕಿದರು. ಬಂದವರಿಗೆಲ್ಲ, "ಬಾರ್ಡರಿನಲ್ಲಿದಾನೆ" ಎನ್ನುತ್ತಿದ್ದರು. ಅವನಿದ್ದದ್ದು ಗಡಿಯಿಂದ ಎಷ್ಟೋ ದೂರ, ಬಯಲುಸೀಮೆಯ ಒಂದು ಸಣ್ಣ ಊರಿನಲ್ಲಿ. ಬಿಡುವಿನ ದಿನ ಅಲ್ಲಿನ ಸೈಬರ್ ಕೆಫೆಗೆ ಹೋಗಿ ಕೂರುತ್ತಿದ್ದ. ಯುದ್ಧದ ಆಟ ಆಡುವ, ಬಂದೂಕು ರಾಡಾರುಗಳ ಬಗ್ಗೆ ಹರಟುವ ಹುಡುಗರ ಒಂದು ವೆಬ್‌ಸೈಟಿನಲ್ಲಿ ಅವನು ಸದಸ್ಯನಾಗಿದ್ದ. ಅಲ್ಲಿ ಬೇರೆ ಬೇರೆ ದೇಶದವರಿದ್ದರು. ಯಾರಿಗೂ ಯಾರ ನಿಜವಾದ ಹೆಸರೂ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವನ ಇ-ಮೇಲ್ ನೋಡಿದೆ. "ಅಕ್ಕ, ಇದನ್ನ ನೋಡು. ಇನ್ಮೇಲೆ ಯಾವನೂ ನನ್ನ ಸುಳ್ಳ ಅನ್ನಲ್ಲ" ಎಂದು ಬರೆದು ಒಂದು ಕೊಂಡಿ ಕಳಿಸಿದ್ದ. ಒತ್ತಿದೆ. ಯಾವುದೋ ಯಂತ್ರ ಎಷ್ಟು ದೂರ ನೋಡಬಲ್ಲದು ಎಂದು ಉದ್ದಕ್ಕೆ ವಾದ ನಡೆದಿತ್ತು. ಚಂದ್ರು ತಾನು ಕೆಲಸ ಮಾಡುವುದೇ ಅದರ ಮೇಲೆ ಎಂದು ಬರೆದಿದ್ದ. ಯಾರೋ ಒಬ್ಬ, ನೀನು ಅಮ್ಮನ ಅಡಿಗೆಮನೆಯಲ್ಲಿ ಕೂತ ಸೈನಿಕ ಎಂದು ಗೇಲಿ ಮಾಡಿದ್ದ. ಉಳಿದವರು ಸೇರಿಕೊಂಡು ನಕ್ಕಿದ್ದರು. ಅದರ ಕೆಳಗೆ ಚಂದ್ರು ಒಂದು ಫೋಟೋ ಹಾಕಿದ್ದ. ಕೈಪಿಡಿಯ ಒಂದು ಪುಟ. ನಕ್ಷೆ, ಅಂಕಿ, ಮತ್ತು ತಲೆಯ ಮೇಲೆ ದಪ್ಪ ಅಕ್ಷರದಲ್ಲಿ 'ರಹಸ್ಯ' ಎಂಬ ಅರ್ಥದ ಇಂಗ್ಲಿಷ್ ಮುದ್ರೆ.

ನನಗೆ ಮೊದಲು ಅನ್ನಿಸಿದ್ದು ಹೆದರಿಕೆಯಲ್ಲ, ಹೆಮ್ಮೆ. ನಮ್ಮ ಚಂದ್ರು ಇಂಥದ್ದರ ಮೇಲೆ ಕೆಲಸ ಮಾಡುತ್ತಾನಲ್ಲ ಎಂದು.

ಅಷ್ಟರಲ್ಲಿ ಸರ್ ಬಂದರು. ಮನೆಯಿಂದ ತಂದ ಸಣ್ಣ ಡಬ್ಬಿಯಲ್ಲಿ ನನಗೆ ಪತ್ರೊಡೆ ಇತ್ತು. ಡಬ್ಬಿಯನ್ನು ಮೇಜಿನ ಮೇಲಿಡಲು ಬಗ್ಗಿದವರ ಕಣ್ಣು ಪರದೆಯ ಮೇಲ್ತುದಿಗೆ ಬಿತ್ತು. ಮರುಕ್ಷಣ ಅವರು ಗರಕ್ಕನೆ ತಿರುಗಿ ನನಗೆ ಬೆನ್ನು ಹಾಕಿ ನಿಂತರು. ಡಬ್ಬಿ ಇನ್ನೂ ಕೈಯಲ್ಲೇ ಇತ್ತು.

"ಮೈಸೂರಮ್ಮ, ಅದನ್ನು ಮುಚ್ಚಿ."

ಆ ಧ್ವನಿಯನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಮುಚ್ಚಿದೆ.

"ಮುಚ್ಚಿಯಾಯ್ತಾ?"

"ಆಯ್ತು ಸರ್."

ಆಗಲೂ ಅವರು ತಕ್ಷಣ ತಿರುಗಲಿಲ್ಲ. ತಿರುಗಿದಾಗ ಮುಖ ಬಿಳಿಚಿಕೊಂಡಿತ್ತು. "ನಾನು ತಲೆಯ ಮೇಲಿನ ಅಕ್ಷರ ನೋಡಿದೆ. ಕೆಳಗೆ ಎಂತ ಉಂಟು ನನಗೆ ಗೊತ್ತಿಲ್ಲ. ನೀವೂ ಹೇಳ್ಬೇಡಿ. ಹಾಕಿದವ ಯಾರು?"

"ನನ್ನ ತಮ್ಮ."

ಅವರು ಪತ್ರೊಡೆಯ ಡಬ್ಬಿ ಕೆಳಗಿಟ್ಟು, "ಬನ್ನಿ ಹೊರಗೆ" ಎಂದರು.

ಹೊರಗೆ ಪೈಪುಗಳನ್ನು ಪೇರಿಸಿಟ್ಟಿದ್ದ ಅಂಗಳ. ತಗಡಿನ ಮಾಡಿನ ನೆರಳಿನಲ್ಲಿ ನಿಂತೆವು. ಅಲ್ಲಿಂದಲೇ ನನ್ನ ಗಂಡನಿಗೆ ಫೋನು ಮಾಡಿದೆ. ಅವರು ಊರೊಳಗಿನ ಒಂದು ಬ್ಯಾಂಕಿನಲ್ಲಿ ಕಂಪ್ಯೂಟರ್ ವಿಭಾಗದವರು. ಕೇಳಿಸಿಕೊಂಡು ತಣ್ಣಗೆ ಹೇಳಿದರು, "ಈಗ್ಲೇ ಡಿಲೀಟ್ ಮಾಡೋಕೆ ಹೇಳು. ಸುಳ್ಳು ಹೆಸರಲ್ಲಿ ಹಾಕಿದಾನೆ, ಸೈಬರ್ ಕೆಫೆಯಿಂದ ಹಾಕಿದಾನೆ. ಯಾರಿಗೂ ಗೊತ್ತಾಗಲ್ಲ. ಖಲಾಸ್." ನನಗೂ ಅದೇ ಸರಿ ಅನ್ನಿಸಿತು. ಸರ್‌ಗೆ ಹೇಳಿದೆ.

ಅವರು ಒಂದು ಪೈಪಿನ ಮೇಲೆ ಕೂತರು. ಆಮೇಲೆ ಹೇಳಿದ್ದು, ಅವರ ಬಾಯಿಂದ ನಾನು ಕೇಳಿದ ಸೇನೆಯ ಕಥೆಗಳಲ್ಲಿ ಊಟದ್ದಲ್ಲದ ಒಂದೇ ಕಥೆ. ಊಟ ಅದರಲ್ಲೂ ಇತ್ತೆನ್ನಿ.

"ನನ್ನ ಜೊತೆ ಒಬ್ಬ ಇದ್ದ. ನಿಮ್ಮ ತಮ್ಮನ ಪ್ರಾಯ. ಒಂದು ಚಾದ ಅಂಗಡಿಯಲ್ಲಿ, ತಾನು ದೊಡ್ಡ ಜನ ಅಂತ ತೋರಿಸ್ಲಿಕ್ಕೆ, ಹೇಳ್ಬಾರದ್ದು ಹೇಳಿಬಿಟ್ಟ. ದುಡ್ಡಿಗಲ್ಲ, ಮತ್ತೆಂತಕ್ಕೂ ಅಲ್ಲ. ಮರುದಿನ ಬಂದು ನನಗೆ ಮಾತ್ರ ಹೇಳಿದ. ನಾನು, ಸುಮ್ನಿರು, ಯಾರಿಗೂ ಗೊತ್ತಾಗುದಿಲ್ಲ ಅಂದೆ. ಈಗ ನಿಮ್ಮ ಯಜಮಾನ್ರು ಹೇಳಿದ್ರಲ್ಲ, ಅದೇ ಮಾತು." ಪೈಪಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದರು. "ಅವ ಊಟ ಬಿಟ್ಟ. ಜೀಪಿನ ಶಬ್ದ ಕೇಳಿದ್ರೆ ತಟ್ಟೆ ಇಟ್ಟು ಎದ್ದು ನಿಲ್ತಿದ್ದ. ಹೀಗೆ ಎಷ್ಟೋ ಕಾಲ. ಹುಡುಗ ಅರ್ಧ ಆದ."

"ಕೊನೆಗೆ?"

"ಕೊನೆಗೆ ಗೊತ್ತಾಯ್ತು. ಕರ್ಕೊಂಡು ಹೋಗ್ಲಿಕ್ಕೆ ಬಂದ್ರು. ಆ ದಿನ ಅವ ಹೊಟ್ಟೆ ತುಂಬ ಊಟ ಮಾಡಿದ, ಮೈಸೂರಮ್ಮ. ನಾನೇ ಬಡಿಸಿದ್ದು. ಆಗ ನನಗೆ ಅರ್ಥ ಆಯ್ತು, ನಾನು ಅವನಿಗೆ ಎಂಥ ಸಲಹೆ ಕೊಟ್ಟಿದ್ದೆ ಅಂತ."

"ಅಳಿಸಿದ್ರೆ ನಿಮ್ಮ ಪರದೆಯಿಂದ ಹೋಗ್ತದೆ. ಬೇರೆಯವರದ್ದರಿಂದ ಹೋಗ್ತದಾ? ಅಲ್ಲಿ ಅವನ ಮೇಲಿನವರಿಗೆ ಗೊತ್ತಾಗಲೇಬೇಕು, ಅವರು ಎಂತಾದ್ರೂ ಬದಲಾಯಿಸ್ಬೇಕಾದ್ರೆ ಬದಲಾಯಿಸ್ಲಿಕ್ಕೆ. ಅದು ಅವನ ಒಬ್ಬನ ವಿಷಯ ಅಲ್ಲ. ಆದ್ರೆ ತಮ್ಮ ನಿಮ್ಮವ. ನಾನು ಒತ್ತಾಯ ಮಾಡುದಿಲ್ಲ" ಎಂದರು. ಗಂಡ ಒಂದು ಹೇಳಿದ್ದರು, ಇವರು ಇನ್ನೊಂದು. ನನ್ನ ಕಣ್ಣ ಮುಂದೆ ಇದ್ದದ್ದು ಊಟ ಬಿಟ್ಟ ಒಬ್ಬ ಹುಡುಗ, ನಾನು ನೋಡಿಯೇ ಇರದವನು. ಅವನಿಗೆ ಚಂದ್ರುವಿನ ಮುಖ ಬಂದುಬಿಟ್ಟಿತ್ತು. ಚಂದ್ರುವಿನ ನಂಬರು ಒತ್ತಿದೆ.

ಅವನು ಖುಷಿಯಲ್ಲೇ ಎತ್ತಿದ. "ನೋಡಿದ್ಯಾ ಅಕ್ಕ?"

"ನೋಡ್ದೆ. ಯಾಕೋ ಹೀಗ್ಮಾಡ್ದೆ?"

ನನ್ನ ಧ್ವನಿ ಕೇಳಿಯೇ ಅವನಿಗೆ ಗೊತ್ತಾಯಿತೇನೋ. "ಅವ್ರು ನಂಬ್ಲಿಲ್ಲ ಅಕ್ಕ" ಎಂದ. "ಯಾರೂ ನಂಬಲ್ಲ. ಅಪ್ಪನೂ ನಾನಿಲ್ಲಿ ಬರೀ ಬಂದೂಕು ಹಿಡ್ಕೊಂಡು ನಿಂತಿರ್ತೀನಿ ಅನ್ಕೊಂಡಿದಾರೆ. ನಾನ್ ಮಾಡೋ ಕೆಲ್ಸ ಏನು ಅಂತ ಒಬ್ರಿಗಾದ್ರೂ ಗೊತ್ತಾಗ್ಬೇಡ್ವಾ?"

ನನಗೆ ಅಳು ಬಂತು. ಸರ್ ಕೈ ಚಾಚಿದರು, ಫೋನು ಕೊಟ್ಟೆ.

"ನಾನು ನಿಮ್ಮ ಅಕ್ಕನ ಆಫೀಸಿನವ. ಮೊದಲು ನಿಮ್ಮ ಹಾಗೆಯೇ ಇದ್ದವ" ಎಂದರು. "ಆ ವಿಷಯದ ಹೆಸರು ಫೋನಿನಲ್ಲಿ ಬೇಡ. ಒಂದೇ ಪ್ರಶ್ನೆ. ಅದನ್ನು ಹಾಕಿದ ಮೇಲೆ ಅಲ್ಲಿಯವರು ಎಂತ ಹೇಳಿದ್ರು?"

ಆ ಕಡೆಯ ಉತ್ತರ ನನಗೂ ಸಣ್ಣಗೆ ಕೇಳಿಸಿತು. "ಒಬ್ಬ 'ಓಕೆ' ಅಂತ ಬರೆದ ಸರ್."

"ಒಬ್ಬ."

"ಹೌದು ಸರ್. ಉಳಿದವ್ರು ಬೇರೆ ವಿಷ್ಯಕ್ಕೆ ಹೋದ್ರು."

ಸರ್ ಕಣ್ಣು ಮುಚ್ಚಿಕೊಂಡರು. ನಗಲಿಲ್ಲ. ಬೈಯಲೂ ಇಲ್ಲ. ಮೆತ್ತಗೆ ಕೇಳಿದರು, "ನಿಮ್ಮ ಮೇಲಿನವರಲ್ಲಿ ಯಾರ ಮುಖ ನೋಡಿದ್ರೆ ನಿಮಗೆ ಹೆದರಿಕೆ ಕಡಿಮೆ?"

ಅವನು ಯಾರನ್ನೋ ಹೇಳಿದ.

"ಸರಿ. ಅವರ ಹತ್ರ ಹೋಗಿ. ನಾಳೆ ಅಲ್ಲ, ಈಗ. ಮಾಡಿದ್ದು ಎಂತ ಅಂತ ಹೇಳಿ. ಯಾಕೆ ಅಂತ ಅವರು ಕೇಳಿದ್ರೆ ಮಾತ್ರ ಹೇಳಿ. ಅಳಿಸ್ಬೇಕಾ ಬಿಡ್ಬೇಕಾ ಅಂತ ಅವರನ್ನೇ ಕೇಳಿ. ಹೆದರಿಕೆ ಆಗ್ತದೆ. ಬಾಗಿಲಿನವರೆಗೆ ಮಾತ್ರ, ಆಮೇಲೆ ಕಡಿಮೆ ಆಗ್ತದೆ."

ಚಂದ್ರು ಅವತ್ತೇ ಹೋದ. ಆಮೇಲೆ ಅವನ ಫೋನು ಬಂದ್.

ಆ ಕಾಯುವ ದಿನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಪ್ಪ ಊರಿಂದ ಫೋನು ಮಾಡಿ, "ಚಂದ್ರು ಫೋನೇ ಎತ್ತಲ್ವಲ್ಲಮ್ಮ" ಎಂದಾಗ, "ಏನೋ ಆರ್ಮಿ ಎಕ್ಸರ್‌ಸೈಜ್ ಅಂತಿದ್ದ" ಎಂದು ತೇಲಿಸಿದೆ. ಮನೆಯಲ್ಲಿ ನನ್ನ ಗಂಡ ಮಾತು ಬಿಟ್ಟರು. ಒಂದು ದಿನ ತಡೆಯಲಾರದೆ, "ಯಾವನೋ ಮುದುಕನ ಮಾತು ಕೇಳಿ ತಮ್ಮನ್ನ ನೀನೇ ಹಿಡ್ಕೊಟ್ಟೆ" ಎಂದರು.

ಅದನ್ನು ನಾನು ಸರ್‌ಗೆ ಹೇಳಲಿಲ್ಲ. ಆದರೆ ಬಸ್ಸಿನಲ್ಲಿ ನನ್ನ ಮುಖ ನೋಡಿಯೇ ಅವರು ಊಹಿಸಿರಬೇಕು. ಆ ಶುಕ್ರವಾರ, ಅಲ್ಲಿಯ ವಾರದ ರಜೆಯ ದಿನ, ಇಗರ್ಜಿ ಮುಗಿಸಿಕೊಂಡು ನೇರ ಖಲೀಫಾ ಸಿಟಿಗೆ, ನಮ್ಮ ಮನೆಗೆ ಬಂದರು. ನಾವಿದ್ದದ್ದು ದೊಡ್ಡ ವಿಲ್ಲಾ ಒಂದನ್ನು ಗೋಡೆ ಎಬ್ಬಿಸಿ ಹಂಚಿದ ಮನೆಯಲ್ಲಿ. ಪಕ್ಕದವರಿಗೆ ಎಲ್ಲ ಕೇಳಿಸುತ್ತದೆ. ನನ್ನ ಗಂಡ ಅದನ್ನೂ ಲೆಕ್ಕಿಸದೆ ಅವರ ಮೇಲೆ ಹರಿಹಾಯ್ದರು. ನಿಮಗೇನು, ನಿಮ್ಮ ಪಿಂಚಣಿ ನಿಮಗೆ ಬರುತ್ತದೆ, ಹಾಳಾಗುವುದು ನಮ್ಮ ಹುಡುಗನ ಜೀವನ, ನಿಮ್ಮ ಶಿಸ್ತಿನ ಹುಚ್ಚಿಗೆ ಅವನೇ ಬೇಕಿತ್ತೇ, ಎಂದೆಲ್ಲ. ಸರ್ ಕೈ ಕಟ್ಟಿ ಕೂತು ಕೇಳಿಸಿಕೊಂಡರು. ಮಧ್ಯದಲ್ಲಿ ಒಂದು ಮಾತೂ ಇಲ್ಲ. ಎಲ್ಲ ಮುಗಿದ ಮೇಲೆ ಹೇಳಿದರು, "ನೀವು ಹೇಳಿದ್ದು ಸರಿ ಇರ್ಬಹುದು. ನನ್ನ ಲೆಕ್ಕ ತಪ್ಪಿರ್ಬಹುದು. ಅದಕ್ಕೇ ಬಂದೆ. ಹುಡುಗನಿಗೆ ಎಂತಾದ್ರೂ ಆದ್ರೆ ನೀವು ಬೈಲಿಕ್ಕೆ ಒಬ್ಬ ಬೇಕಲ್ಲ."

ನನ್ನ ಗಂಡ ಎದ್ದು ಒಳಗೆ ಬಂದರು. ನಾನು ದೋಸೆ ಹುಯ್ಯುತ್ತಿದ್ದೆ. "ಅವ್ರಿಗೆ ಎರಡು ಹಾಕು" ಎಂದರು. ಸರ್ ನಾಲ್ಕು ತಿಂದರು. ತಿನ್ನುತ್ತಾ, ದೋಸೆಗೆ ಮೆಂತ್ಯ ಹಾಕುವುದು ಸರಿಯೋ ತಪ್ಪೋ ಎಂದು ನನ್ನ ಗಂಡನ ಜೊತೆ ವಾದಕ್ಕೆ ಬಿದ್ದರು. ಹೊರಡುವಾಗ ನನ್ನ ಗಂಡ ಅವರನ್ನು ಕಾರಿನಲ್ಲಿ ಮನೆಗೆ ಬಿಟ್ಟುಬಂದರು.

ಚಂದ್ರುವಿನ ಫೋನು ಬಂದಾಗ ಚಳಿಗಾಲ ಶುರುವಾಗಿತ್ತು. ವಿಚಾರಣೆಯಾಯಿತು, ಕೆಲವು ವಾರ ಕಾವಲಿನ ಕೋಣೆಯಲ್ಲಿಟ್ಟರು, ತೋಳಿನ ಪಟ್ಟಿ ಹೋಯಿತು. ಯಂತ್ರದ ಹತ್ತಿರ ಇನ್ನು ಬರಕೂಡದೆಂದು ವಾಹನಗಳ ವಿಭಾಗಕ್ಕೆ ಹಾಕಿದರು. ಕೆಲಸದಿಂದ ತೆಗೆಯಲಿಲ್ಲ, ಜೈಲಿಗೆ ಕಳಿಸಲಿಲ್ಲ. ಹುಡುಗ ತಾನಾಗಿ ಬಂದ, ಯಾರೂ ಕೇಳುವ ಮೊದಲೇ ಬಂದ ಎಂದು ಆ ಮೇಲಿನವರು ಅವನ ಪರವಾಗಿ ನಿಂತು ಮಾತಾಡಿದರಂತೆ. "ಅಪ್ಪಂಗೆ ನಾನೇ ಹೇಳ್ದೆ ಅಕ್ಕ" ಎಂದ ಚಂದ್ರು. "ಹಾಲಿನ ಗೋಡೆಯಿಂದ ನನ್ನ ಫೋಟೋ ತೆಗೀತಾರೇನೋ ಅನ್ಕೊಂಡೆ. ತೆಗೀಲಿಲ್ಲ."

ನಾನು ಕೇಳಿದೆ, "ಊಟ ಸರಿಯಾಗಿ ಮಾಡ್ತಿದೀಯಾ?"

"ಹೂಂ. ಯಾಕೆ?"

ಸುಮ್ಮನೆ ಕೇಳಿದೆ ಎಂದೆ.

ಮುಂದಿನ ವರ್ಷ ಚಂದ್ರುವಿನಿಂದಲೇ ಇನ್ನೊಂದು ಸುದ್ದಿ ತಿಳಿಯಿತು. ಅದೇ ವೆಬ್‌ಸೈಟಿನಲ್ಲಿ, ಅವನ ಹಾಗೆಯೇ ಪಂತಕ್ಕೆ ಬಿದ್ದು ಪುಟ ಹಾಕಿ, ಆಮೇಲೆ ಅಳಿಸಿ ಸುಮ್ಮನಿದ್ದ ಮತ್ತೊಬ್ಬ ಹುಡುಗ ಸಿಕ್ಕಿಬಿದ್ದಿದ್ದ. ಬೇರೆ ಕಡೆಯವನು. ಅವನಿಗೆ ಜೈಲಾಯಿತು. ಇದನ್ನು ಕೇಳಿದ ನನ್ನ ಗಂಡ ತಾವೇ ಸರ್‌ಗೆ ಫೋನು ಮಾಡಿದರು. "ನೀವು ಹೇಳಿದ್ದೇ ಸರಿ ಆಯ್ತು ಸರ್" ಎಂದರು. ಸರ್‌ಗೆ ಅದು ಬೇಕಿರಲಿಲ್ಲ. ಮರುದಿನ ಬಸ್ಸಿನಲ್ಲಿ ನನ್ನ ಪಕ್ಕ ಕೂತು, ಮುಸಫ್ಫಾ ಬರುವವರೆಗೂ ಕಿಟಕಿಯ ಹೊರಗೆ ನೋಡುತ್ತಿದ್ದರು. ಇಳಿಯುವಾಗ, "ಆ ಹುಡುಗನಿಗೂ ಯಾರಾದ್ರೂ ಅಕ್ಕ ಇರ್ತಾಳೆ ಅಲ್ವಾ" ಎಂದರು.

ಅವರ ಬಗ್ಗೆ ಹೀಗೆ ಬರೆಯುತ್ತಾ ಹೋದರೆ ಅವರು ಯಾವಾಗಲೂ ಗಂಭೀರವಾಗಿದ್ದರು ಅನ್ನಿಸೀತು. ಇಲ್ಲ. ಆ ವಾರವೇ ದುಬೈಯಿಂದ ಬಂದ ಗಿರಾಕಿಯೊಬ್ಬನಿಗೆ ನಮ್ಮ ಕ್ಯಾಂಟೀನಿನ ಬಿರಿಯಾನಿಯನ್ನು ಅರ್ಧ ಗಂಟೆ ವರ್ಣಿಸಿ, ಅವನು ಬಂದ ಕೆಲಸವನ್ನೇ ಮರೆಯುವ ಹಾಗೆ ಮಾಡಿದ್ದರು. ಕ್ರಿಸ್ಮಸ್ಸಿಗೆ ಅವರ ಮನೆಯಿಂದ ಬರುತ್ತಿದ್ದ ಕುಸ್ವಾರಿನ, ಅಂದರೆ ಹಬ್ಬದ ತಿಂಡಿಗಳ, ತಟ್ಟೆಗೆ ಕಚೇರಿಯಲ್ಲಿ ಎರಡು ಪಂಗಡವಾಗಿ ಜಗಳವಾಗುತ್ತಿತ್ತು. ನನ್ನ ಮಗಳು ಹುಟ್ಟಿದಾಗ ಆಸ್ಪತ್ರೆಗೆ ಬಂದು, ಅವಳ ಕಿವಿಯ ಹತ್ತಿರ ಬಗ್ಗಿ ಏನೋ ಪಿಸುಗುಟ್ಟಿದರು. ಏನು ಸರ್ ಎಂದರೆ, "ನನಗೂ ಅವಳಿಗೂ ಇರುವ ವಿಷಯ" ಎಂದು ಮೀಸೆ ತಿರುವಿದರು.

ಅವರು ನಿವೃತ್ತರಾಗಿ ಊರಿಗೆ ಹೋಗುವ ಹಿಂದಿನ ವರ್ಷದ ಮಾತು. ಚಂದ್ರು ವಾಹನ ವಿಭಾಗದಲ್ಲಿ ಗ್ರೀಸು ಮೆತ್ತಿಕೊಂಡು ಕೆಲಸ ಕಲಿತು, ಪರೀಕ್ಷೆ ಬರೆದು, ಕಳೆದ ಪಟ್ಟಿಯನ್ನು ವಾಪಸು ಪಡೆದಿದ್ದ. ಒಂದು ಬೆಳಿಗ್ಗೆ ಅವನ ಫೋನು ಬಂತು. ಹಿಂದಿನ ಹಾಗೆ ಉಬ್ಬಿದ ಧ್ವನಿಯಲ್ಲ. ಮೆಲ್ಲಗೆ, ಪಕ್ಕದಲ್ಲಿರುವವರಿಗೂ ಕೇಳಿಸಬಾರದು ಎಂಬಂತೆ ಹೇಳಿದ. "ಅಕ್ಕ, ಇವತ್ತು ನನ್ನ ಕೈಗೆ ಒಂದು ಬೀಗದಕೈ ಕೊಟ್ರು. ಯಾವುದರದ್ದು ಅಂತ ಕೇಳ್ಬೇಡ."

ನಾನು ಕೇಳಲಿಲ್ಲ. ಓಡಿಹೋಗಿ ಸರ್ ಮೇಜಿನ ಮುಂದೆ ನಿಂತೆ. "ಸರ್, ಚಂದ್ರುಗೆ ಬೀಗದಕೈ ಕೊಟ್ಟಿದಾರಂತೆ."

"ಕೀ ಕೊಟ್ರಾ?"

"ಹೌದು ಸರ್."

"ಅವನ ಕೈಗೆ?"

"ಅವನ ಕೈಗೇ."

ಅವರು ಕನ್ನಡಕ ತೆಗೆದು ಸ್ವೆಟರಿನ ಅಂಚಿನಿಂದ ಒರೆಸಿದರು. ಒರೆಸಿ, ಮತ್ತೆ ಒರೆಸಿದರು. "ಅವ ಹಾಗೆ ಮಾಡಿದ ಮೇಲೂ ಕೀ ಕೊಡ್ಬಹುದು ಅಂತ ಯಾರೋ ಒಬ್ಬರು ತೀರ್ಮಾನ ಮಾಡಿದ್ದಾರಲ್ಲ, ಅವರು ದೊಡ್ಡವರು" ಎಂದರು. ಆಮೇಲೆ ಇಷ್ಟು ವರ್ಷದಲ್ಲಿ ಮೊದಲ ಸಲ ಚಂದ್ರುವಿನ ನಂಬರು ಕೇಳಿದರು. ಅಂಗೈಯ ಮೇಲೆ ಬರೆದುಕೊಂಡು ಹೊರಗೆ ಹೋದರು.

ಕಿಟಕಿಯಿಂದ ನನಗೆ ಕಾಣುತ್ತಿತ್ತು. ಪೈಪುಗಳ ಅಂಗಳದಲ್ಲಿ, ನೆರಳಿಗೆ ಹೋಗದೆ, ಬಿಸಿಲಿನಲ್ಲೇ ನಿಂತು ಅವರು ಫೋನನ್ನು ಕಿವಿಗಿಟ್ಟುಕೊಂಡರು. ಏನು ಮಾತಾಡಿದರೋ ಕೇಳಿಸಲಿಲ್ಲ. ಆದರೆ ಆ ಕಡೆಯಿಂದ ಚಂದ್ರು ಎತ್ತಿದಾಗ ಇವರ ಹಿಮ್ಮಡಿ ಎರಡೂ ಕೂಡಿಕೊಂಡವು, ಬೆನ್ನು ನೆಟ್ಟಗಾಯಿತು, ಎಡಗೈ ತೊಡೆಗೆ ಅಂಟಿತು. ಮಗನ ವಯಸ್ಸಿನ ಹುಡುಗನೊಬ್ಬನ ಜೊತೆ, ಫೋನಿನಲ್ಲಿ, ಅವರು ಹಾಗೆ ನಿಂತು ಮಾತಾಡಿದರು. ಪಕ್ಕದಲ್ಲಿ ಹೋಗುತ್ತಿದ್ದ ಇಬ್ಬರು ವೆಲ್ಡರುಗಳು ನಿಂತು ನೋಡಿ, ಬಳಸಿಕೊಂಡು ಹೋದರು.

ಒಳಗೆ ಬಂದಾಗ ಅವರ ಕುತ್ತಿಗೆಯೆಲ್ಲ ಬೆವರು. ಕುರ್ಚಿಯಲ್ಲಿ ಕೂತು, ನೀರು ಕುಡಿದು, "ಹುಡುಗ ಒಳ್ಳೆ ಜನ" ಎಂದರು. "ಎಂತ ಕೇಳಿದ್ರೂ ಒಂದೇ ಅಕ್ಷರದ ಉತ್ತರ."